ಒಂದು ಸೊನ್ನೆ

ಮಾಲ್ಟಾದ ಟೀವಿಯಲ್ಲಿ ರಾತ್ರಿಪಾಳಿ ನನ್ನದು:
ವಾರ್ತೆ ಓದುವವನ ಕಣ್ಣೆದುರು
ಮೇಲೇರುವ ಸಾಲುಗಳನ್ನು ಟೈಪು ಮಾಡುವುದು.
ಅವನು ನಗಬೇಕಾದಲ್ಲಿ ಒಂದು ಚುಕ್ಕಿ ಇಡುತ್ತೇನೆ,
ನಿಟ್ಟುಸಿರಿಡಬೇಕಾದಲ್ಲಿ ಎರಡು.

ಆ ದಿನ ಕಡಲಿನಿಂದ ಬಂದವರು ನಲವತ್ತು ಜನ.
ನಿದ್ದೆಗಣ್ಣು. ಬೆರಳು ಒಂದು ಸಲ ಹೆಚ್ಚಿಗೆ ತಾಕಿತು.
ನಾನೂರು ಎಂದ ಅವನು,
ಎರಡು ಚುಕ್ಕಿಯಷ್ಟು ನಿಟ್ಟುಸಿರಿಟ್ಟು.

ಬೆಳಗಾಗುವುದರೊಳಗೆ ಸೊನ್ನೆಗೆ ಕಾಲು ಬಂತು.
ಬೇಕರಿಯ ಸಾಲಲ್ಲಿ ನಿಂತಿತು, ಬಸ್ಸು ಹತ್ತಿತು,
ಸಂಸತ್ತಿನಲ್ಲಿ ಮಂತ್ರಿ ಮೇಜು ಗುದ್ದಿದ್ದು ಅದನ್ನು ಹಿಡಿದೇ.
ವಿರೋಧ ಪಕ್ಷದವರು ಬಿಡುತ್ತಾರೆಯೇ?
ಅವರ ಚಾನೆಲ್ಲಿನಲ್ಲಿ ಅದು ಆರುನೂರು.

ತಿದ್ದುಪಡಿ ಹಾಕಿದೆವು, ಹಾಕಲಿಲ್ಲವೆಂದಲ್ಲ:
ನಡುರಾತ್ರಿ ಎರಡಕ್ಕೆ, ಹವಾಮಾನದ ಕೆಳಗೆ,
ಇರುವೆ ಸಾಲಿನಂಥ ಅಕ್ಷರದಲ್ಲಿ.
ಸೊನ್ನೆಗೆ ಬೆಲೆಯೆಲ್ಲಿದೆ ಹೇಳು, ಎಂದು
ಸಂಪಾದಕ ಬೆನ್ನು ತಟ್ಟಿದ.

"ನಲವತ್ತೇ ಅಮ್ಮ, ಟೈಪು ಮಾಡಿದವಳು ನಾನೇ."
ಅಮ್ಮ ಬಟಾಣಿ ಸುಲಿಯುತ್ತಲೇ ಇದ್ದಳು.
"ಟೀವಿಯವರಿಗಿಂತ ನಿನಗೆ ಹೆಚ್ಚು ಗೊತ್ತೇನೆ?"

ಮತದಾನದ ಹಿಂದಿನ ದಿನ ಮಾರ್ಸಾಸ್ಕಲಾಗೆ ಹೋದೆ.
ಮೂತಿಗೆ ಕಣ್ಣು ಬರೆಸಿಕೊಂಡ ದೋಣಿಗಳು
ನೀರಲ್ಲಿ ತೂಗುತ್ತಿದ್ದವು.
ಅವರು ಇಳಿದದ್ದನ್ನು ನೋಡಿದ್ದು ಅವು,
ಮತ್ತೆ ಬಲೆ ಹೊಲಿಯುವ ಸ್ಪಿರು.
ಅವತ್ತು ತನ್ನ ಕೋಟು ಬಿಚ್ಚಿ
ಒಬ್ಬ ಹುಡುಗನಿಗೆ ಹೊದಿಸಿದ್ದನಂತೆ.
"ಒಳ್ಳೆಯ ಹುಡುಗ. ಆದರೆ ಉಳಿದ
ಮುನ್ನೂರ ಅರವತ್ತು ಮಂದಿ
ಎಲ್ಲಿ ಅಡಗಿದ್ದಾರೋ" ಎಂದ,
ದಾರವನ್ನು ಹಲ್ಲಲ್ಲಿ ಕಡಿಯುತ್ತ.

ಅಮ್ಮ ಬಾಗಿಲಿಗೆ ಎರಡನೆಯ ಬೀಗ ಹಾಕಿಸಿದ್ದಾಳೆ.
ಪಾಳಿ ಮುಗಿಸಿ ಬಂದು
ನಸುಕಿನ ಕತ್ತಲಲ್ಲಿ ನಾನೀಗ
ಎರಡೂ ಕೀಲಿ ತಡಕುತ್ತೇನೆ.