ಅಳತೆಪುಸ್ತಕದ ಕೊನೆಯ ಪುಟ

ಬ್ಯಾಂಕಿನಿಂದ ಹೊಸ ಕಾರ್ಡು ಬಂತು.
ಮೂಲೆಯಲ್ಲಿ ನಾಲ್ಕು ಬಾಗಿದ ಗೆರೆ,
ರವಕೆಯ ಕುತ್ತಿಗೆ ಕತ್ತರಿಸುವ ಮುಂಚೆ
ಸೀಮೆಸುಣ್ಣದಲ್ಲಿ ನಾನೆಳೆಯುತ್ತೇನಲ್ಲ, ಹಾಗೇ,
ಒಂದರ ಒಳಗೆ ಒಂದು.

ಜೊತೆಗೊಂದು ಚೀಟಿ: ಸ್ಪರ್ಶರಹಿತ ಪಾವತಿ.
ಓದಿ ನಗು ಬಂತು.
ಈ ಸಂಗತಿ ಅಮ್ಮನಿಗೆ ಮೊದಲೇ ಗೊತ್ತಿತ್ತು.
ಬುಟ್ಟಿ ಕೊಟ್ಟು ಅಂಗೈ ಚಾಚಿದರೆ
ಗೇಣು ಮೇಲಿಂದ ಬೀಳುತ್ತಿತ್ತು ನಾಣ್ಯ,
ಕೆಲವೊಮ್ಮೆ ಉರುಳಿ ಚರಂಡಿಯ ಅಂಚಿಗೆ.
ಹೆಕ್ಕುತ್ತಾ ಅವಳು ಎಣಿಸುತ್ತಿದ್ದಳು, ಜೋರಾಗಿ,
ಕೊಟ್ಟವರಿಗೂ ಕೇಳುವ ಹಾಗೆ.

ಹದಿನೈದು ದಿನ ಕಾರ್ಡನ್ನು ಹೊರಗೆ ತೆಗೆಯಲಿಲ್ಲ.
ಸ್ಟೇಟ್ ಬ್ಯಾಂಕ್ ಬಸ್ಸಿನ ನೂಕುನುಗ್ಗಲಲ್ಲಿ
ಯಾರೋ ಬ್ಯಾಗಿಗೆ ತಾಗಿ ನಿಂತರೆ ಸಾಕಂತೆ,
ದುಡ್ಡು ಹಾರುತ್ತದಂತೆ.
ಹುಕ್ಕು ಹಾಕುವ ಲವೀನಾ ಹೇಳಿದ್ದು;
ಅವಳಿಗೆ ಅವಳ ಅತ್ತಿಗೆ ಹೇಳಿದ್ದು.

ಕೊನೆಗೆ ಕೌಂಟರಿನ ಪಿರೇರಾರನ್ನೇ ಕೇಳಿದೆ.
‘ಎಂತ ಹೆದರಿಕೆ ಮಾರಾಯ್ರೆ,
ಮೆಷಿನ್ನಿಗೆ ಇಷ್ಟು ಹತ್ತಿರ ಬರಬೇಕು’ ಎಂದು
ಎರಡು ಬೆರಳು ಅಡ್ಡ ಹಿಡಿದರು.
ಕೊರಳಿನ ಟೇಪು ತೆಗೆದು ಅಳೆದೆ. ಒಂದೂವರೆ ಇಂಚು.
ಅವರು ನಕ್ಕರು. ನಾನು ನಗಲಿಲ್ಲ.
ಅಳತೆ ನನ್ನ ಅನ್ನ.

‘ಐದು ಸಾವಿರದವರೆಗೆ ಪಿನ್ ಕೇಳುವುದಿಲ್ಲ.
ಬೇಕಿದ್ದರೆ ಇಳಿಸಿ ಕೊಡುವ. ಎಷ್ಟಕ್ಕೆ?’
ಲೈನಿಂಗ್ ಹಾಕಿದ ಒಂದು ರವಕೆಯ ಮಜೂರಿಗೆ, ಎಂದೆ.
ಒಂದು ಸಲ ಕೈತಪ್ಪಿದರೆ ಒಂದು ರವಕೆ ಹೋದೀತು,
ಎರಡನೆಯದು ಹೋಗುವ ಮುಂಚೆ
ಫೋನು ಕೂಗೀತು.

ಮೊದಲ ಸಲ ಕಂಕನಾಡಿಯ ಮೆಡಿಕಲ್ಲಿನಲ್ಲಿ.
ಥೈರಾಯ್ಡ್ ಮಾತ್ರೆ, ನಲವತ್ತೊಂದು ರೂಪಾಯಿ.
ನವಾಫ್ ಕಾರ್ಡಿಗೆಂದು ಕೈ ಚಾಚಿದ
(ಅವನ ತಂಗಿಯ ಚೂಡಿದಾರ ನಾನೇ ಹೊಲಿಯುವುದು).
ಕೊಡಲಿಲ್ಲ.
‘ಮೆಷಿನ್ ಇತ್ತ ತಿರುಗಿಸು ಮಗ.’
ಕನ್ನಡಕ ಏರಿಸಿ ಓದಿದೆ, ಜೋರಾಗಿ,
ಅಂಗಡಿಗೆಲ್ಲ ಕೇಳುವ ಹಾಗೆ:
ನಾನೂರ ಹತ್ತು.

ಹಿಂದಿನ ಸಾಲು ಸುಮ್ಮನಾಯಿತು.
ಹುಡುಗನ ಕಿವಿ ಕೆಂಪು.
‘ಸೊನ್ನೆ ಒಂದು ಹೆಚ್ಚು ಬಿತ್ತು ಅಕ್ಕ, ಬೇಕಂತ ಅಲ್ಲ.’
ಗೊತ್ತು. ಮೂವತ್ತಾರು ಎಂದು ಬರೆದದ್ದನ್ನು
ಮೂವತ್ತು ಎಂದು ಓದಿ ಕತ್ತರಿ ಹಾಕಿ
ಒಬ್ಬಳು ಮದುಮಗಳನ್ನು ಅಳಿಸಿದವಳು ನಾನು.
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು,
ಇನ್ನು ಇದು, ತಾಗಿದರೆ ಹೋಯಿತು.
ಬಟ್ಟೆಯಾದರೆ ಪಟ್ಟಿ ಕೊಟ್ಟು ಹೊಂದಿಸಬಹುದಿತ್ತು.

ಸೊನ್ನೆ ಅಳಿಸಿದ. ಮತ್ತೆ ಓದಿದೆ.
ಆಮೇಲೆ ಕಾರ್ಡು ಹಿಡಿದೆ,
ಸೂಜಿಗೆ ನೂಲು ಪೋಣಿಸುವಾಗಿನಂತೆ ಉಸಿರು ಬಿಗಿಹಿಡಿದು.
ಬೀಪ್.
ಇಷ್ಟೆಯಾ?
ಗಡಿಬಿಡಿಯಲ್ಲಿ ಇನ್ನೊಮ್ಮೆ ತಾಗಿಸಲು ಹೋದ ಕೈಯನ್ನು
ನಾನೇ ಹಿಂದೆಳೆದುಕೊಂಡೆ.
ಬ್ಯಾಗಿನೊಳಗೆ ಫೋನು ನಡುಗಿತು: ನಲವತ್ತೊಂದು.
ರಶೀದಿಯನ್ನು ನವಾಫ್ ನನ್ನ ಅಂಗೈಯಲ್ಲೇ ಇಟ್ಟ.
ಅವನ ಬೆರಳಿಗೆ ಕೆಮ್ಮಿನ ಸಿರಪ್ಪಿನ ಅಂಟು.

ರಾತ್ರಿ ಅಂಗಡಿ ಮುಚ್ಚುವ ಮುಂಚೆ
ಅಳತೆಪುಸ್ತಕದ ಕೊನೆಯ ಪುಟದಲ್ಲಿ,
ಡಾಕ್ಟ್ರಮ್ಮನ ತೋಳು, ಟೀಚರ ಸೊಂಟದ ಕೆಳಗೆ,
ಕಾರ್ಡು ಕಳೆದರೆ ಕರೆಯುವ ಬ್ಯಾಂಕಿನ ನಂಬರು ಬರೆದೆ.
ಪಿನ್ ಬರೆಯಲಿಲ್ಲ.
ಅಮ್ಮನ ಅಂಗೈಯನ್ನೂ ನಾನು ಎಲ್ಲೂ ಬರೆದಿಟ್ಟಿಲ್ಲ:
ಕಿರುಬೆರಳಿಂದ ಹೆಬ್ಬೆರಳಿಗೆ ಏಳು ಇಂಚು,
ಬಿದಿರಿನ ಸಿಗುರು ಕೊಯ್ದ ಗಾಯ ಬಿಟ್ಟು.

ಫೋನಿನಲ್ಲಿ ಟ್ಯಾಪ್ ಆಫ್ ಮಾಡಿದೆ.
ಶಟರು ಎಳೆದೆ. ಅರ್ಧಕ್ಕೆ ಸಿಕ್ಕಿಕೊಂಡಿತು,
ಯಾವಾಗಲೂ ಹಾಗೆ.