ಎಷ್ಟು ಇಂಚು

ಬಿ.ಬಿ. ರಸ್ತೆಯ ಬೇಕರಿಯ ಮೇಲಂತಸ್ತಿನಲ್ಲಿ
ಫರ್ಹಾನಾ ಮೇಜಿನ ಮೇಲೆ ಮೂರು ನದಿ ಹಾಸಿದಳು.
ಮಿರುಗುವ ಕಾಗದ. ಮುಟ್ಟಿದರೆ ಬೆರಳಚ್ಚು.
ಕೈ ಹಿಂದಕ್ಕೆ ತಗೊಂಡೆ.

ಮೂವತ್ತೊಂದು ವರ್ಷ ಬೋರು ಕೊರೆಸಿದ ಕೈ.
ಲಾರಿ ತಿರುಚೆಂಗೋಡಿನದು, ಪಾಯಿಂಟು ನಂದು:
ಅಂಗೈಯ ತೆಂಗಿನಕಾಯಿ ಎದ್ದು ನಿಂತಲ್ಲಿ ಗೂಟ.
ಮೊದಮೊದಲು ಇನ್ನೂರಡಿ, ಆಮೇಲೆ ಆರುನೂರು,
ಆಮೇಲೆ ಸಾವಿರದ ನಾನೂರಕ್ಕೂ ಬರೀ ಬಿಳೀ ಹಿಟ್ಟು,
ರೆಪ್ಪೆಯ ಮೇಲೆ, ಮೀಸೆಯ ಮೇಲೆ, ತಂದುಕೊಟ್ಟ ಕಾಫಿಯ ಮೇಲೆ.
ಐದು ಹೊಳೆ ಹುಟ್ಟುವ ಬೆಟ್ಟ ಅಂತಾರೆ ನಮ್ಮ ನಂದಿಯನ್ನ.
ಹುಟ್ಟಿದ್ದು ನಿಜವೇ ಇರಬೇಕು.
ಬೆಳೆದಿದ್ದನ್ನ ನಾನು ಕಂಡಿಲ್ಲ.

"ಇದು ರೈನು ಅಂಕಲ್, ಇದು ಡ್ಯಾನ್ಯೂಬು,
ಇದು ಪೋರ್ಚುಗಲ್‌ದು, ಎರಡೂ ದಡಕ್ಕೆ ದ್ರಾಕ್ಷಿ ತೋಟ."
"ದ್ರಾಕ್ಷಿ ನೋಡೋಕೆ ಅಷ್ಟು ದೂರ ಯಾಕಮ್ಮ" ಅಂದಳು ಅಶ್ವತ್ಥಮ್ಮ,
"ನಮ್ಮ ತಮ್ಮನ ಚಪ್ಪರದ ತುಂಬಾ ದಿಲ್‌ಖುಷ್ ಐತೆ."
ಅಲ್ಲಿಗೆ ಪೋರ್ಚುಗಲ್ ಮುಗಿಯಿತು.

ಉಳಿದದ್ದು ಎರಡು ನದಿ, ನಾಲ್ಕು ಕಂಪನಿ.
ಹಂಸದ ಚಿತ್ರದವರು ಬಾಲ್ಕನಿ ಕೊಡ್ತಾರೆ, ಅನ್ನ ಕೊಡೋಲ್ಲ.
ಸೂರತ್ತಿನವರು ಮೂರು ಹೊತ್ತೂ ಬಿಸಿ ಊಟ ಹಾಕ್ತಾರೆ,
ರಾತ್ರಿ ಎಲ್ಲರನ್ನೂ ನಿಲ್ಲಿಸಿ ಕುಣಿಸ್ತಾರಂತೆ.
ಕೆಂಪು ಅಟ್ಟೆಯವರಿಗೆ ಬಕ್ಷೀಸು ಬೇರೆ, ಊರು ತೋರಿಸೋಕೆ ಬೇರೆ.
ನೀಲಿಯವರದು ಎಲ್ಲಾ ಸೇರಿ;
ಒಂದು ಸೈಟಿನ ಅಡ್ವಾನ್ಸೂ ಸೇರಿ.

ಅಶ್ವತ್ಥಮ್ಮ ಕನ್ನಡಕ ಮೂಗಿಗಿಳಿಸಿ ಡ್ಯಾನ್ಯೂಬಿಗೆ ಬಗ್ಗಿ ಕೇಳಿದಳು:
"ಇದು ಎಷ್ಟು ಇಂಚು?"
ಫರ್ಹಾನಾಗೆ ತಿಳಿಯಲಿಲ್ಲ.
ನಮ್ಮ ಮನೆಯಲ್ಲಿ ನೀರೆಂದರೆ ಇಂಚು.
ಒಂದೂವರೆ ಇಂಚಿಗೆ ಮದುವೆ ಕುದುರಿದ್ದುಂಟು.
ಎರಡೂಮುಕ್ಕಾಲಿಗೆ ಕೋಳಿ ಕುಯ್ದು ಊರಿಗೇ ಬಡಿಸಿದರು.
ಗುಡಿಬಂಡೆ ಕಡೆ ಮೂರು ಬಿದ್ದ ದಿನ
ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು, ಒದ್ದೆ ಮಣ್ಣಿನಲ್ಲಿ
ಜಾರಿ ಕೆಡವಿದರು. ಸೊಂಟ ಈಗಲೂ ನೋಯುತ್ತೆ.

ಕೆಂಪು ಪುಸ್ತಕದ ಕೊನೇ ಪುಟದಲ್ಲಿ ಸಾಸಿವೆಯಂಥ ಅಕ್ಷರ.
"ಇದೇನು, ಓದಮ್ಮ."
ದನಿ ತಗ್ಗಿಸಿ ಓದಿದಳು:
ನದಿಯಲ್ಲಿ ನೀರು ಇಳಿದರೆ ಹಡಗು ನಿಲ್ಲಬಹುದು,
ಮುಂದಿನೂರಿಗೆ ಬಸ್ಸಿನಲ್ಲಿ ಕಳಿಸಲಾಗುವುದು,
ಹಣ ವಾಪಸ್ಸು ಇಲ್ಲ.

"ಅಲ್ಲೂನಾ?"
"ಕೆಲವು ವರ್ಷ, ಆಗಸ್ಟಲ್ಲಿ, ಅಂಕಲ್."
ನೀರು ಗ್ಯಾರಂಟಿನಾ ಅಂತ ಬಾಯಿಗೆ ಬಂದದ್ದನ್ನ ನುಂಗಿದೆ.
ಎಷ್ಟು ಜನ ಕೇಳಿದ್ದರು ನನ್ನನ್ನ ಹೀಗೇ,
ಟವೆಲ್ಲಿನ ತುದಿ ಹೊಸೆಯುತ್ತಾ.
ಪಾಯಿಂಟು ನಂದು, ನೀರು ಗಂಗಮ್ಮಂದು,
ಅಡಿ ಲೆಕ್ಕದ ದುಡ್ಡು ಮಾತ್ರ ಮೊದಲು ಅಂತಿದ್ದೆ.
ನಾನು ಬರೆದುಕೊಡುತ್ತಿರಲಿಲ್ಲ.
ಇವರು ಅಚ್ಚು ಹಾಕಿಸಿದ್ದಾರೆ.

ಮಿಕ್ಕ ಮೂರನ್ನೂ ಹಿಂದುಮುಂದು ತಿರುವಿಸಿದೆ.
ಇಳಿಯೋ ನೀರಿನ ಸುದ್ದಿ ಯಾರೂ ಎತ್ತಿರಲಿಲ್ಲ.
"ಕೆಂಪೇ ಇರಲಿ" ಅಂದೆ.

"ರೂಮು? ಕೆಳಗಿನದು ಅಗ್ಗ ಅಂಕಲ್, ಕಿಟಕಿ ತೆರೆಯೋಕಾಗಲ್ಲ,
ಗಾಜಿಗೆ ಒಂದು ಗೇಣು ಕೆಳಗೇ ನೀರು."
"ಅದೇ ಬರಕೋ" ಅಂದಳು ಅಶ್ವತ್ಥಮ್ಮ, ನನ್ನನ್ನ ಕೇಳದೆ.
"ಇವರು ಇಷ್ಟು ದಿನ ಮೇಲೆ ನಿಂತುಕೊಂಡು ತೂತಿನೊಳಗೆ ಇಣುಕಿದ್ದು ಸಾಕು."

"ಮತ್ತೆ ಯಾವ ತಿಂಗಳು?"
ಆಗ ನನಗೆ ಗೊತ್ತಿಲ್ಲದೇ
ನನ್ನ ಬಲಗೈ ಡ್ಯಾನ್ಯೂಬಿನ ಮೇಲೆ ಅಂಗಾತ ಚಾಚಿಕೊಂಡಿತ್ತು,
ಕಾಯಿ ಇಟ್ಟುಕೊಳ್ಳುವ ಹಾಗೆ, ಬೆರಳು ಒಂದಿಷ್ಟು ಮಡಿಸಿ.
ಫರ್ಹಾನಾ ಪೆನ್ನು ಹಿಡಿದು ಕಾಯುತ್ತಿದ್ದಳು.

"ಏನಾದ್ರೂ ಗೊತ್ತಾಯ್ತಾ?" ಅಂದಳು ಇವಳು, ಪಿಸುಮಾತಿನಲ್ಲಿ.
"ಫ್ಯಾನಿನ ಗಾಳಿ" ಅಂದೆ.
"ಮೇ ತಿಂಗಳು ಹಾಕಮ್ಮ."