ನಾಲ್ಕರವರೆಗೆ

ಎಬ್ಬಿಸಿದರೆ ಏಳುತ್ತದೆ, ಎದ್ದ ಕೂಡಲೇ ಸಾಯುತ್ತದೆ,
ಎಂದರು ಫೋನಿನಲ್ಲಿ ತಿಂಗಳಾಯರು.
ಅವರ ಹಿಂದುಗಡೆ ಐಸು ಪುಡಿಯಾಗುವ ಸದ್ದು.
ಜುಲೈ ಮೂವತ್ತೊಂದು. ನಡುರಾತ್ರಿ ಕಳೆದರೆ ನಿಷೇಧ ಮುಗಿದು
ಮಲ್ಪೆಯ ಬೋಟುಗಳೆಲ್ಲ ಒಟ್ಟಿಗೇ ಬಾಯಿ ತೆರೆಯುತ್ತವೆ.
ಯಾರಿಗೆ ಎಷ್ಟು ಬ್ಲಾಕು, ಯಾರದ್ದು ಹಳೇ ಬಾಕಿ,
ಎಲ್ಲ ಆ ಪೆಟ್ಟಿಗೆಯ ಹೊಟ್ಟೆಯಲ್ಲಿ.

ನಾನು ಹೋದಾಗ ನನ್ನ ಬೆನ್ನ ಹಿಂದೆ ನೋಡಿದರು.
ರಿಪೇರಿಯವರು?
ನಾನೇ.
ಓ, ಎಂದು ಕುರ್ಚಿ ಒರೆಸಿದರು, ಹೆಗಲ ಟವೆಲಿನಿಂದ, ಎರಡು ಸಲ.

ಒತ್ತಿ ತೋರಿಸಿದರು.
ದಪ್ಪ ಹೆಬ್ಬೆರಳು, ಉಗುರಿನ ಸಂದಿಯಲ್ಲಿ ಉಪ್ಪು.
ಫ್ಯಾನು ಗುರ್ರೆಂದಿತು, ಹಸಿರು ದೀಪ ಕಣ್ಣು ಬಿಟ್ಟಿತು,
ಕಂಪನಿಯ ಹೆಸರು ಪರದೆಗೆ ಅರ್ಧ ಬಂತು,
ಇವರು ಎಣಿಸುತ್ತಿದ್ದರು, ದಕ್ಕೆಯಲ್ಲಿ ಏಲಂ ಕೂಗುವ ಹಾಗೆ:
ಒಂಜಿ, ರಡ್ಡ್, ಮೂಜಿ, ನಾಲ್.
ಕತ್ತಲೆ.

ಕಾರಣಗಳನ್ನು ಅವರೇ ಕೂಡಿಸಿಟ್ಟಿದ್ದರು:
ಕರೆಂಟು ಸರಿಯಿಲ್ಲ, ಅಮೋನಿಯದ ಗಾಳಿ, ವೈರಸ್ಸು,
ಮೊಮ್ಮಗ ಆಡಿದ ಯಾವುದೋ ಆಟ.
ಬಾಗಿಲಿಗೊರಗಿದ್ದ ತಂಡೇಲನೊಬ್ಬ, ನಿಂಬೆಹಣ್ಣು ಕಟ್ಟಿ ನೋಡಿ ಅಂದ,
ನಗದೆ.

ಪಕ್ಕದ ತಗಡು ಬಿಚ್ಚಿದೆ.
ಹಲ್ಲಿಯ ಎರಡು ಮೊಟ್ಟೆ, ಒಡೆದು ಖಾಲಿ.
ಧೂಳಿನ ಮೇಲೊಂದು ಉಪ್ಪಿನ ಪೊರೆ,
ಬಂಗುಡೆ ಒಣಗಿಸಿ ಎತ್ತಿಟ್ಟ ಚಾಪೆಯ ಹಾಗೆ.
ಬ್ರಶ್ಶಿನಿಂದ ಗುಡಿಸಿದೆ. ನಾಲ್ಕಕ್ಕೇ ಸತ್ತಿತು.
ರ‍್ಯಾಮ್ ಪಟ್ಟಿ ಕಿತ್ತು, ಅದರ ಹೊನ್ನಿನಂಚನ್ನು
ಮೊಮ್ಮಗನ ರಬ್ಬರಿನಿಂದಲೇ ಉಜ್ಜಿದೆ. ನಾಲ್ಕಕ್ಕೇ.
ಪ್ರೊಸೆಸರಿನ ಪೇಸ್ಟು ಒಣಗಿ ಗದ್ದೆಯಂತೆ ಬಿರಿದಿತ್ತು;
ಇದೇ ಅಂದುಕೊಂಡೆ, ಹೊಸದು ಹಚ್ಚಿದೆ, ಕಡಲೆಕಾಳಿನಷ್ಟು.
ತಿಂಗಳಾಯರು ಚಹಾ ತರಿಸಿದರು. ಗೆದ್ದವರಂತೆ ಕುಡಿದೆವು.
ಒಂಜಿ, ರಡ್ಡ್, ಮೂಜಿ.
ನಾಲ್.
ಆಮೇಲೆ ಬ್ಯಾಗಿನಲ್ಲಿದ್ದ ಬೇರೆ ಪವರ್ ಸಪ್ಲೈ ಹಾಕಿದೆ.
ಬೇಡ, ಅದನ್ನು ಹೇಳುವುದಿಲ್ಲ.

ಬಿಸಿಯಾಗಿ ಸಾಯುವುದು ಒಮ್ಮೆ ಬೇಗ, ಒಮ್ಮೆ ತಡ.
ಇದು ಗಡಿಯಾರ ನೋಡಿಕೊಂಡು ಸಾಯುತ್ತಿದೆ.
ಇಷ್ಟು ಶಿಸ್ತು ಯಾವ ರೋಗಕ್ಕೂ ಇಲ್ಲ.
ಯಾರೋ ಇದಕ್ಕೆ ಹೇಳುತ್ತಿದ್ದಾರೆ, ಮಲಗು ಅಂತ.

ಆಗ ನೋಡಿದೆ, ಎದುರಿನ ಆ ದುಂಡು ಬಟನ್ನು.
ಬೆರಳು ತೆಗೆದ ಮೇಲೂ ತಗ್ಗಿಯೇ ಇತ್ತು, ಕೂದಲೆಳೆಯಷ್ಟು;
ಯಂತ್ರ ಸತ್ತು ಎಷ್ಟೋ ಹೊತ್ತಿಗೆ
ಏನೂ ಗೊತ್ತಿಲ್ಲದವರಂತೆ ಮೆಲ್ಲಗೆ ಮೇಲೆ ಬಂತು.
ಎರಡು ತಿಂಗಳ ರಜೆಯಲ್ಲಿ ಉಪ್ಪು ಕಚ್ಚಿಕೊಂಡಿದೆ.
ಮುಟ್ಟಿದರೆ ಏಳಬೇಕು, ಒತ್ತಿ ಹಿಡಿದರೆ ಮಲಗಬೇಕು,
ಇದಕ್ಕೆ ಬರುವ ಭಾಷೆ ಅಷ್ಟೇ.
ಎಬ್ಬಿಸಿದ ಬೆರಳು ಇನ್ನೂ ಎದೆಯ ಮೇಲೆಯೇ ಇದೆ.

ಐಟಿಐಯಲ್ಲಿ ಸಿಕ್ವೇರ ಸರ್, ಒಳ್ಳೆಯವರು,
ಬೆಸುಗೆ ಹಾಕುವಾಗ ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ:
ಸುಟ್ಟೀತು, ನಿಲ್ಲು, ನಾನು ತೋರಿಸುತ್ತೇನೆ, ಕೊಡು ಇಲ್ಲಿ.
ನನ್ನ ಮೊದಲ ಬೆಸುಗೆ ನೆಟ್ಟಗೆ ಕೂತದ್ದು
ಅವರು ಜ್ವರ ಬಂದು ಮಲಗಿದ ಒಂದು ಬುಧವಾರ.

ಬಟನ್ನಿನ ತಂತಿ ಕಿತ್ತು ಬದಿಗಿಟ್ಟೆ.
ಬೋರ್ಡಿನ ಮೇಲೆ ಎರಡು ಸೂಜಿ, ಸಾಸಿವೆಯಷ್ಟು ದೂರದಲ್ಲಿ.
ಸ್ಕ್ರೂಡ್ರೈವರಿನ ತುದಿಯಿಂದ ಎರಡನ್ನೂ ತಾಗಿಸಿದೆ,
ತೆಗೆದೆ.
ಒಂಜಿ, ರಡ್ಡ್, ಮೂಜಿ, ನಾಲ್,
ತಿಂಗಳಾಯರು ಅಲ್ಲಿಗೆ ನಿಂತರು,
ಮುಂದಿನ ಅಂಕಿ ನಾಲಿಗೆಗೆ ಮರೆತಂತೆ.
ಫ್ಯಾನು ತಿರುಗುತ್ತಲೇ ಇತ್ತು.
ಐನ್, ಎಂದ ಬಾಗಿಲಿನಿಂದ ತಂಡೇಲ.

ರೀಸೆಟ್ಟಿನ ಚಿಕ್ಕ ಬಟನ್ನಿಗೆ ತಂತಿ ಬದಲಿಸಿದೆ,
ದೊಡ್ಡದಕ್ಕೆ ಅಡ್ಡಲಾಗಿ ಟೇಪು.
ಮುಟ್ಟಿ ಬಿಟ್ಟುಬಿಡಿ, ಅಷ್ಟೇ, ಅಂದೆ.
ಅವರು ಮುಟ್ಟಿ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.
ಪರದೆ ಬೆಳಗಿತು. ಮೇ ತಿಂಗಳ ಲೆಕ್ಕ ಬಿಚ್ಚಿಕೊಂಡಿತು,
ಕೆಂಪಕ್ಷರದಲ್ಲಿ ಮೊದಲ ಸಾಲು: ನಲವತ್ತೆರಡು ಬ್ಲಾಕು, ಬಾಕಿ.
ಹೆಸರು ಓದಿ ತಿಂಗಳಾಯರು ತಲೆಯೆತ್ತಿದರು.

ಬಾಗಿಲಲ್ಲಿ ಯಾರೂ ಇರಲಿಲ್ಲ.